ಬೆಂಗಳೂರಿನ ತಂಡಗಳು: ಯಾವುದಕ್ಕೆ ಎಷ್ಟು ಆಯುಷ್ಯ?

ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ, ನಾಟಕ ಕಂಪನಿಯ ಡೇರೆಯ ಪಕ್ಕದಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಯಲ್ಲಾಪುರ ತಾಲೂಕಿನ ಕಾಡಂಚಿನ ಊರಿನವನು, ಸಿದ್ದಿ ಸಮುದಾಯದವನು. ಜೊತೆಗೆ ಹನ್ನೆರಡು ವರ್ಷದ ಮಗಳಿದ್ದಳು. ಅವಳ ಮೈಮೇಲೆ ಬೆಂಗಳೂರು ರಾಯಲ್ ಚಾಲೆಂಜರ್ಸ್ ತಂಡದ ಕೆಂಪು ಅಂಗಿ.

‘ಮಾಸ್ತರ್ರೇ, ಇವಳು ಕಬಡ್ಡಿ ಚಲೋ ಆಡ್ತಾಳೆ. ಕ್ರೀಡಾ ಹಾಸ್ಟೆಲಿಗೆ ಹಾಕಿ ಅಂತ ಪಿ.ಟಿ. ಮಾಸ್ತರು ಹೇಳ್ತಾರೆ. ಈಗ ಬೆಂಗಳೂರಲ್ಲಿ ಎಲ್ಲಾ ಆಟಕ್ಕೂ ದೊಡ್ಡ ದೊಡ್ಡ ಟೀಮ್ ಇದಾವಲ್ಲ, ಇವಳು ದೊಡ್ಡವಳಾಗೋ ಹೊತ್ತಿಗೆ ಅವೆಲ್ಲ ಇರ್ತಾವಾ?’ ಎಂದು ಕೇಳಿದ.

ಆ ಗದ್ದಲದಲ್ಲಿ ನಾನೇನೋ ಹೇಳಿ ಜಾರಿಕೊಂಡೆ. ಆದರೆ ಪ್ರಶ್ನೆ ಮನೆಯವರೆಗೂ ಹಿಂಬಾಲಿಸಿತು. ಯಾವ ತಂಡ ಈ ವರ್ಷ ಗೆಲ್ಲುತ್ತದೆ ಎಂದು ಕೇಳುವವರು ನೂರು ಜನ. ಯಾವ ತಂಡ ಹತ್ತು ವರ್ಷದ ನಂತರ ಇರುತ್ತದೆ ಎಂದು ಕೇಳಿದವನು ಅವನೊಬ್ಬನೇ. ಇತಿಹಾಸ ಕಲಿಸಿದವನು ಭವಿಷ್ಯ ಹೇಳಬಾರದೆಂಬ ನಿಯಮವೇನೂ ಇಲ್ಲ. ಹಿಂದೆ ಏನಾಯಿತೆಂದು ತಿಳಿದವನು ಮುಂದೆ ಏನಾದೀತೆಂದು ಊಹಿಸುವ ಧೈರ್ಯವನ್ನಾದರೂ ಮಾಡಬಹುದು. ಆದುದರಿಂದ ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಓದಲೆಂದು ಈ ಲೆಕ್ಕಾಚಾರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ವೃತ್ತಿ ತಂಡವೆಂಬುದು ನಮ್ಮ ಕಡೆಯವರಿಗೆ ಹೊಸದಲ್ಲ. ಯಕ್ಷಗಾನ ಮೇಳವೆಂದರೆ ಅದೇ ಅಲ್ಲವೇ? ಯಜಮಾನನಿರುತ್ತಾನೆ, ಸಂಬಳದ ಕಲಾವಿದರಿರುತ್ತಾರೆ, ವರ್ಷಕ್ಕೊಂದು ತಿರುಗಾಟವಿರುತ್ತದೆ. ಹೆಸರಾಂತ ವೇಷಧಾರಿ ಈ ವರ್ಷ ಒಂದು ಮೇಳದಲ್ಲಿದ್ದರೆ ಮುಂದಿನ ವರ್ಷ ಮತ್ತೊಂದರಲ್ಲಿ. ಈ ಮೇಳಗಳಲ್ಲಿ ಎರಡು ಬಗೆ. ಹರಕೆ ಆಟ ಆಡುವ ಕ್ಷೇತ್ರದ ಮೇಳಗಳು ಒಂದು ಬಗೆ. ಟಿಕೆಟ್ಟಿನ ಹಣದಿಂದ ನಡೆಯುವ ಡೇರೆ ಮೇಳಗಳು ಇನ್ನೊಂದು. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳಲ್ಲಿ ಹಲವು ಮೇಳಗಳಿದ್ದರೂ ಹರಕೆ ಆಟ ಆಡಿಸಲು ಭಕ್ತರು ವರ್ಷಗಟ್ಟಲೆ ಕಾಯಬೇಕು. ಡೇರೆ ಮೇಳಗಳಾದರೋ ಒಂದು ಕಾಲಕ್ಕೆ ಊರೂರು ಮೆರೆದವು. ಶಿರಸಿಯ ಹೆಸರು ಹೊತ್ತ ಮೇಳವೂ ಡೇರೆ ಕಟ್ಟಿ ತಿರುಗಾಟ ಮಾಡಿತ್ತು. ಇಂದು ಡೇರೆ ಮೇಳವೆಂದೊಡನೆ ನೆನಪಾಗುವುದು ಸಾಲಿಗ್ರಾಮ, ಪೆರ್ಡೂರು ಮುಂತಾದ ಬೆರಳೆಣಿಕೆಯ ಹೆಸರುಗಳು. ಮುಚ್ಚಿದ ಮೇಳಗಳಲ್ಲಿ ಒಳ್ಳೆಯ ಕಲಾವಿದರಿರಲಿಲ್ಲವೆಂದು ಯಾರೂ ಹೇಳಲಾರರು. ಜನ ಬಾರದ ರಾತ್ರಿಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿರಲಿಲ್ಲ, ಅಷ್ಟೇ. ಕ್ರೀಡಾ ತಂಡಗಳಿಗೂ ನಾನು ಇದೇ ಅಳತೆಗೋಲನ್ನು ಹಿಡಿಯುತ್ತೇನೆ.

ಬೆಂಗಳೂರಿಗೆ ತಂಡಗಳು ಬಂದದ್ದು ಐಪಿಎಲ್ ಕಾಲದಲ್ಲಲ್ಲ. 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ಫುಟ್‌ಬಾಲನ್ನು ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತಿದ್ದವು. ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂದರೆ 1937ರ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಗೋಲು ತಂದುಕೊಟ್ಟ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯದ ತಂಡ 1946, 1952, 1967 ಮತ್ತು 1968ರ ಸಾಲುಗಳಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಅದಾದ ಮೇಲೆ ಆ ಟ್ರೋಫಿ ಕರ್ನಾಟಕಕ್ಕೆ ಮರಳಿದ್ದು 2023ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿದಾಗ.

ಸ್ವಾತಂತ್ರ್ಯಾನಂತರ ಈ ಆಟಗಾರರನ್ನು ಸಾಕಿದ್ದು ಕಾರ್ಖಾನೆಗಳು. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಸಾರ್ವಜನಿಕ ಉದ್ದಿಮೆಗಳು ಆಟಗಾರನಿಗೆ ನೌಕರಿ ಕೊಟ್ಟು ತಮ್ಮ ತಂಡ ಕಟ್ಟುತ್ತಿದ್ದವು. ಅರ್ಧ ದಿನ ಕೆಲಸ, ಅರ್ಧ ದಿನ ಅಭ್ಯಾಸ. ಕಾಲು ಮುರಿದರೂ ನೌಕರಿ ಉಳಿಯುತ್ತಿತ್ತು, ವಯಸ್ಸಾದ ಮೇಲೆ ನಿವೃತ್ತಿಯ ಹಣವೂ ಕೈಸೇರುತ್ತಿತ್ತು. ಆಸ್ಟಿನ್ ಟೌನ್, ಗೌತಮಪುರದ ಬಡ ಹುಡುಗರಿಗೆ ಅದು ದೊಡ್ಡ ಏಣಿ. ಆದರೆ 1991ರ ಉದಾರೀಕರಣದ ತರುವಾಯ ಇಂಥ ಹಲವು ಉದ್ದಿಮೆಗಳು ಸೊರಗಿದವು. ನಷ್ಟದಲ್ಲಿರುವ ಕಂಪನಿ ಮೊದಲು ಕತ್ತರಿಸುವುದು ಆಟದ ಖರ್ಚನ್ನೇ. ಎಚ್.ಎ.ಎಲ್. ತಂಡ 2010ರಲ್ಲಿ ಐ-ಲೀಗಿಗೆ ಬಡ್ತಿ ಪಡೆದು ಎರಡೇ ಸಾಲುಗಳಲ್ಲಿ ಕೆಳಗಿಳಿಯಿತು. ಪೋಷಕನ ವ್ಯಾಪಾರ ಬಿದ್ದರೆ ತಂಡವೂ ಬೀಳುತ್ತದೆ ಎಂಬುದು ಈ ಇತಿಹಾಸದ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಕಠಿಣ. ಗೆಲುವು ಕೂಡ ತಂಡವನ್ನು ಉಳಿಸುವುದಿಲ್ಲ. ಬ್ಯಾಡ್ಮಿಂಟನ್ನಿನಲ್ಲಿ ಬೆಂಗಳೂರಿಗೆ 2013ರಲ್ಲಿ ಬಂಗಾ ಬೀಟ್ಸ್ ಎಂಬ ತಂಡವಿತ್ತು. 2016ರಲ್ಲಿ ಟಾಪ್‌ಗನ್ಸ್ ಬಂತು, ಅನಂತರ ಬ್ಲಾಸ್ಟರ್ಸ್, ಕೊನೆಗೆ ರ‍್ಯಾಪ್ಟರ್ಸ್. ಹೆಸರು ಇಷ್ಟು ಸಲ ಬದಲಾದರೆ ಅಭಿಮಾನಿ ಯಾವುದಕ್ಕೆ ಜೈಕಾರ ಹಾಕಬೇಕು? ಆದರೂ ಬೆಂಗಳೂರು ರ‍್ಯಾಪ್ಟರ್ಸ್ 2019ರಲ್ಲಿ ಗೆದ್ದರು, 2020ರಲ್ಲಿಯೂ ಗೆದ್ದರು. ಸತತ ಎರಡು ಪ್ರಶಸ್ತಿ! ಆದರೆ 2020ರ ತರುವಾಯ ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗ್ ನಡೆಯಲೇ ಇಲ್ಲ. ಚಾಂಪಿಯನ್ ತಂಡಕ್ಕೆ ಆಡಲು ಪಂದ್ಯವೇ ಇಲ್ಲವಾಯಿತು. ಹಾಕಿಯ ಕಥೆಯೂ ಹೀಗೆಯೇ. 2005ರಲ್ಲಿ ಆರಂಭವಾದ ಪ್ರೀಮಿಯರ್ ಹಾಕಿ ಲೀಗಿನಲ್ಲಿ ಬೆಂಗಳೂರಿನ ತಂಡವಿತ್ತು. 2008ಕ್ಕೆ ಆ ಲೀಗೇ ಮುಗಿಯಿತು. 2013ರಿಂದ 2017ರವರೆಗೆ ನಡೆದ ಹಾಕಿ ಇಂಡಿಯಾ ಲೀಗಿನಲ್ಲಾಗಲಿ, ಅದು 2024ರ ಕೊನೆಯಲ್ಲಿ ಮರುಹುಟ್ಟು ಪಡೆದಾಗಲಾಗಲಿ, ಕೊಡಗನ್ನು ಮಡಿಲಲ್ಲಿಟ್ಟುಕೊಂಡ ಕರ್ನಾಟಕಕ್ಕೆ ಒಂದು ತಂಡವೂ ದಕ್ಕಲಿಲ್ಲ.

ಈ ಎರಡು ಪಾಠಗಳನ್ನು ಮುಂದಿಟ್ಟುಕೊಂಡು ನಾಲ್ಕು ತಂಡಗಳಿಗೆ ಪರೀಕ್ಷೆ ನಡೆಸೋಣ. ಮೂರು ಪತ್ರಿಕೆಗಳು, ಒಂದೊಂದಕ್ಕೆ ಹತ್ತು ಅಂಕ. ಮೊದಲನೆಯದು ಬೊಕ್ಕಸ: ಸೋತ ವರ್ಷದಲ್ಲಿ ಖರ್ಚು ಹೊರುವವರು ಯಾರು? ಎರಡನೆಯದು ಅಂಗಳ: ತನ್ನ ಊರಿನಲ್ಲಿ ಆಡುತ್ತದೆಯೇ, ಊರಿನವರು ಸೋಲಿನಲ್ಲೂ ಬರುತ್ತಾರೆಯೇ? ಮೂರನೆಯದು ಬಾಗಿಲು: ನಮ್ಮ ಮಕ್ಕಳು ಒಳಹೋಗಲು ದಾರಿಯಿದೆಯೇ? ನಾನು ಅಂಕ ಕೊಡುವುದರಲ್ಲಿ ಜುಗ್ಗನೆಂದು ನಿಮಗೆಲ್ಲ ಗೊತ್ತೇ ಇದೆ.

ನಾಲ್ಕನೆಯ ಸ್ಥಾನ ವಾಲಿಬಾಲಿನ ಬೆಂಗಳೂರು ಟಾರ್ಪಿಡೋಸ್‌ಗೆ. ಪ್ರೈಮ್ ವಾಲಿಬಾಲ್ ಲೀಗ್ ಹುಟ್ಟಿದ್ದು 2022ರಲ್ಲಿ. 2023ರ ಫೈನಲಿನಲ್ಲಿ ಅಹಮದಾಬಾದಿಗೆ ಸೋತ ಇವರು 2025ರಲ್ಲಿ ಮುಂಬಯಿಯನ್ನು ಸೋಲಿಸಿ ಪ್ರಶಸ್ತಿ ಗೆದ್ದರು. ಆದರೆ ಆ ಪಂದ್ಯಾವಳಿ ಇಡಿಯಾಗಿ ನಡೆದದ್ದು ಹೈದರಾಬಾದಿನಲ್ಲಿ. ಈ ಲೀಗಿನಲ್ಲಿ ನನಗೆ ಮೆಚ್ಚುಗೆಯಾದ ಅಂಶವೊಂದಿದೆ: ತಂಡಗಳ ಒಡೆಯರೇ ಪಂದ್ಯಾವಳಿಯಲ್ಲಿಯೂ ಪಾಲುದಾರರು. 1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ್ದರ ಹಿಂದೆಯೂ ಮಾಲೂ ನಮ್ಮದು, ಮಾರುಕಟ್ಟೆಯೂ ನಮ್ಮದಾಗಲಿ ಎಂಬ ವಿಚಾರವೇ ಇತ್ತು. ಅದು ಬೇರೂರಲು ಕಾಲ ಬೇಕು. ಬೊಕ್ಕಸಕ್ಕೆ 4, ಅಂಗಳಕ್ಕೆ 2, ಬಾಗಿಲಿಗೆ 4. ಒಟ್ಟು 10.

ಮೂರನೆಯ ಸ್ಥಾನ ಕಬಡ್ಡಿಯ ಬೆಂಗಳೂರು ಬುಲ್ಸ್‌ಗೆ. ಪ್ರೊ ಕಬಡ್ಡಿ 2014ರಲ್ಲಿ ಆರಂಭವಾದಾಗಿನಿಂದ ಇರುವ ತಂಡ. 2015ರ ಫೈನಲಿನಲ್ಲಿ ಮುಂಬಯಿಗೆ ಸೋತು, 2019ರ ಜನವರಿ 5ರಂದು ಗುಜರಾತನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಆ ಒಂದೇ ಪಂದ್ಯದಲ್ಲಿ ಪವನ್ ಸೆಹ್ರಾವತ್ 22 ಅಂಕ ತಂದರು. ಪಂದ್ಯ ತೋರಿಸುವ ಪ್ರಸಾರ ಸಂಸ್ಥೆಯೇ ಲೀಗಿನಲ್ಲಿ ದೊಡ್ಡ ಪಾಲು ಹೊಂದಿದುದರಿಂದ ಬೊಕ್ಕಸ ಸದ್ಯಕ್ಕೆ ಗಟ್ಟಿ. ಆದರೆ ಅಂಗಳವೆಲ್ಲಿ? 2017ರಲ್ಲಿ ಕಂಠೀರವ ಕ್ರೀಡಾಂಗಣ ಸಿಗದೆ ‘ತವರಿನ’ ಪಂದ್ಯಗಳನ್ನು ನಾಗಪುರದಲ್ಲಿ ಆಡಬೇಕಾಯಿತು. 2024ರ ಲೀಗ್ ಹೈದರಾಬಾದ್, ನೋಯ್ಡಾ, ಪುಣೆಗಳಲ್ಲಿ ನಡೆಯಿತು. 2025ರದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ. ಹೆಸರು ಬೆಂಗಳೂರಿನದು, ಬೆಂಗಳೂರಿನವನು ನೋಡಬೇಕಾದದ್ದು ಟಿ.ವಿ.ಯಲ್ಲಿ! ಕನ್ನಡಿಗರೇ ಆದ ಬಿ.ಸಿ. ರಮೇಶ್ 2025ರಲ್ಲಿ ತರಬೇತುದಾರರಾಗಿದ್ದರೆಂಬ ಸಮಾಧಾನಕ್ಕೆ ಬಾಗಿಲಿನ ಪತ್ರಿಕೆಯಲ್ಲಿ ಒಂದು ಅಂಕ ಹೆಚ್ಚು ಕೊಟ್ಟಿದ್ದೇನೆ. 7, 2, 5. ಒಟ್ಟು 14.

ಎರಡನೆಯ ಸ್ಥಾನ ಬೆಂಗಳೂರು ಎಫ್.ಸಿ.ಗೆ. 2013ರಲ್ಲಿ ಜೆ.ಎಸ್.ಡಬ್ಲ್ಯು. ಸಂಸ್ಥೆ ಕಟ್ಟಿದ ಈ ಫುಟ್‌ಬಾಲ್ ತಂಡ ಮೊದಲ ವರ್ಷದಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡ್ಯುರಾಂಡ್ ಕಪ್. ಸುನಿಲ್ ಛೆಟ್ರಿಯವರ ಹೆಸರು ಈ ತಂಡದ ಹೆಸರಿನಷ್ಟೇ ಪರಿಚಿತ. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನಿಂತೇ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳು ಸೋಲಿನಲ್ಲೂ ಬರುವವರು. ಬಳ್ಳಾರಿ ಜಿಲ್ಲೆಯಲ್ಲಿ ಮಕ್ಕಳಿಗೆ ವಸತಿ ಸಹಿತ ತರಬೇತಿಯಿದೆ. ದುರ್ಬಲವಾದದ್ದು ಬೊಕ್ಕಸ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಸಂಸ್ಥೆಗೂ ನಡುವಿನ ಒಪ್ಪಂದ ಮುಗಿಯುವ ಹೊತ್ತಿಗೆ, 2025ರ ಜುಲೈನಲ್ಲಿ, ಪಂದ್ಯಾವಳಿಯನ್ನೇ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ ಫೈನಲ್ ಆಡಿದ ತಂಡವದು! ಆದರೂ ಮಕ್ಕಳ ತಂಡಗಳನ್ನು ಮುಂದುವರಿಸುವುದಾಗಿ ಹೇಳಿದ್ದನ್ನು ನಾನು ಗಮನಿಸಿದೆ. 4, 7, 9. ಒಟ್ಟು 20.

ಮೊದಲ ಸ್ಥಾನ ಯಾರಿಗೆಂದು ಆ ಹುಡುಗಿಯ ಅಂಗಿಯೇ ಹೇಳಿತ್ತು. ರಾಯಲ್ ಚಾಲೆಂಜರ್ಸ್ ತಂಡವನ್ನು 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರಿಗೆ ಕೊಂಡರು. 2012ರಲ್ಲಿ ಅವರ ವಿಮಾನ ಸಂಸ್ಥೆ ನಿಂತಿತು, 2016ರಲ್ಲಿ ಅವರು ದೇಶವನ್ನೇ ಬಿಟ್ಟರು. ಐ.ಟಿ.ಐ. ಕಾಲದ ಲೆಕ್ಕದಲ್ಲಿ ತಂಡವೂ ಮುಳುಗಬೇಕಿತ್ತು. ಮುಳುಗಲಿಲ್ಲ, ಅದು ಡಿಯಾಜಿಯೋ ಒಡೆತನದ ಯುನೈಟೆಡ್ ಸ್ಪಿರಿಟ್ಸ್ ಕೈಯಲ್ಲಿ ಮುಂದುವರಿಯಿತು. 2025ರ ನವೆಂಬರಿನಲ್ಲಿ ಆ ಸಂಸ್ಥೆಯೂ ತಂಡದ ಮೇಲಿನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಪ್ರಕಟಿಸಿದಾಗ, ಕೊಳ್ಳುವವರು ಯಾರು ಎಂಬ ಚರ್ಚೆ ನಡೆಯಿತೇ ವಿನಾ ತಂಡ ಮುಚ್ಚೀತೆಂದು ಒಬ್ಬರೂ ಹೆದರಲಿಲ್ಲ. ಕಾರಣ ಸರಳ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಗಿದೆ. ಅದರಲ್ಲಿ ತಂಡಗಳಿಗೂ ಪಾಲುಂಟು. ಸೋತರೂ ಪಾಲು ಬರುತ್ತದೆ.

ಇನ್ನು ಜನರ ವಿಷಯ. 2009ರ ಫೈನಲಿನಲ್ಲಿ 6 ರನ್ನುಗಳ ಸೋಲು, 2011ರಲ್ಲಿ ಸೋಲು, 2016ರಲ್ಲಿ 8 ರನ್ನುಗಳ ಸೋಲು. ಪ್ರತಿ ವರ್ಷವೂ ‘ಈ ಸಲ ಕಪ್ ನಮ್ದೇ’ ಎಂದು ಹೇಳಿ, ತಾವೇ ನಕ್ಕು, ಮತ್ತೆ ಬಂದವರು ಈ ಅಭಿಮಾನಿಗಳು. ಕೊನೆಗೆ 2025ರ ಜೂನ್ 3ರಂದು ಪಂಜಾಬ್ ವಿರುದ್ಧ ಗೆದ್ದದ್ದೂ 6 ರನ್ನುಗಳಿಂದಲೇ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಮಂದಿ ಅಸುನೀಗಿದರು. ಹದಿನೆಂಟು ವರ್ಷ ಸೋಲಿನಲ್ಲೂ ಕೈಬಿಡದ ಜನರನ್ನು ಗೆಲುವಿನ ದಿನ ಕಾಯಲಾಗಲಿಲ್ಲ. ಅಂಗಳದ ಪತ್ರಿಕೆಯಲ್ಲಿ ನಾನು ಕಳೆದ ನಾಲ್ಕು ಅಂಕ ಅದಕ್ಕಾಗಿ. 10, 6, 6. ಒಟ್ಟು 22.

ಇಲ್ಲಿಗೆ ಪಟ್ಟಿ ಮುಗಿಯಿತು. ಹತ್ತು ವರ್ಷದ ನಂತರ ಇರುತ್ತದೆ ಎಂದು ನಾನು ಧೈರ್ಯದಿಂದ ಹೇಳಬಲ್ಲ ತಂಡ ಕ್ರಿಕೆಟಿನದೊಂದೇ. ಫುಟ್‌ಬಾಲ್ ತಂಡ ಇರಲಿ ಎಂದು ಹಾರೈಸುತ್ತೇನೆ. ಉಳಿದೆರಡು ಲೀಗುಗಳು ಬದುಕಿದರೆ ಅವೂ ಬದುಕುತ್ತವೆ.

ಆದರೆ ಕೇಳಿದವನು ಹೆಣ್ಣು ಮಗುವಿನ ತಂದೆ ಎಂಬುದು ಅಂಕಗಳನ್ನು ಕೂಡಿಸುವಾಗ ನನಗೆ ಮರೆತೇಹೋಗಿತ್ತು. ಮೂರನೆಯ ಪತ್ರಿಕೆಯನ್ನು ಅವಳ ಕಣ್ಣಿನಿಂದ ಮತ್ತೆ ನೋಡಿದೆ. ಪ್ರೊ ಕಬಡ್ಡಿ ಪುರುಷರದು. ಪ್ರೈಮ್ ವಾಲಿಬಾಲ್ ಕೂಡ ಪುರುಷರದು. 2016ರಲ್ಲಿ ಮೂರು ತಂಡಗಳ ಮಹಿಳಾ ಕಬಡ್ಡಿಯನ್ನು ಪ್ರೊ ಕಬಡ್ಡಿಯ ಜೊತೆಗೆ ಒಂದು ಸಾಲು ನಡೆಸಿದರು, ಅದು ಮುಂದುವರಿಯಲಿಲ್ಲ. ಕ್ರಿಕೆಟಿನಲ್ಲಿ ಬಾಗಿಲು ತೆರೆದಿದೆ. 2023ರಲ್ಲಿ ಬೆಂಗಳೂರಿನ ಮಹಿಳಾ ತಂಡಕ್ಕೆ 901 ಕೋಟಿ ರೂಪಾಯಿ ಬೆಲೆ ಬಂತು, 2024ರಲ್ಲಿ ಆ ತಂಡ ಪ್ರಶಸ್ತಿ ಗೆದ್ದಿತು. ಆ ಫೈನಲಿನಲ್ಲಿ ನಾಲ್ಕು ವಿಕೆಟ್ ಪಡೆದ ಶ್ರೇಯಾಂಕಾ ಪಾಟೀಲ್ ಕಲಬುರಗಿ ಮೂಲದವರು. ಫುಟ್‌ಬಾಲಿನಲ್ಲೂ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಭಾರತೀಯ ಮಹಿಳಾ ಲೀಗಿನ ಫೈನಲ್ ತಲುಪಿತ್ತು. ಆದರೆ ಈ ಹುಡುಗಿಯ ಆಟ ಕಬಡ್ಡಿ. ಅವಳ ಉತ್ತರಪತ್ರಿಕೆಯಲ್ಲಿ ಬುಲ್ಸ್‌ಗೆ ಬಾಗಿಲಿನ ಅಂಕ ಸೊನ್ನೆ.

ಅವಳ ತಂದೆಯ ಪ್ರಶ್ನೆಯ ಹಿಂದೆ ಇನ್ನೊಂದು ಇತಿಹಾಸವಿದೆ. 1987ರಲ್ಲಿ, ಮಾರ್ಗರೆಟ್ ಆಳ್ವಾ ಅವರು ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆಯ್ದು ಕ್ರೀಡಾ ತರಬೇತಿ ಕೊಡುವ ಯೋಜನೆಯೊಂದು ಬಂತು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಿಂದ ಮಕ್ಕಳು ನಗರಗಳಿಗೆ ಹೋದರು, ಓಡಿದರು, ಪದಕ ತಂದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ಎಷ್ಟೋ ಮಂದಿ ಊರಿಗೆ ಮರಳಿ ಕೂಲಿಗೆ ಹೋದರು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಬಂದದ್ದೇ 2003ರಲ್ಲಿ. ಮಗುವನ್ನು ಕರೆದೊಯ್ದ ಬಂಡಿ ಅರ್ಧ ದಾರಿಯಲ್ಲಿ ನಿಂತದ್ದನ್ನು ನೋಡಿದ ಸಮುದಾಯದ ತಂದೆ ‘ಅವೆಲ್ಲ ಇರ್ತಾವಾ?’ ಎಂದು ಕೇಳದೆ ಮತ್ತೇನು ಕೇಳಿಯಾನು?

ಆದುದರಿಂದ ಅವನಿಗೆ ನಾನು ಕೊಡುವ ಉತ್ತರ ಈ ಪಟ್ಟಿಯಲ್ಲ. ಕಾರ್ಕಳ ಕಡೆಯ ಮಮತಾ ಪೂಜಾರಿ ಭಾರತ ಕಬಡ್ಡಿ ತಂಡದ ನಾಯಕಿಯಾದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರ ಬೆನ್ನಿಗಿದ್ದದ್ದು ಲೀಗಿನ ಹರಾಜಲ್ಲ, ರೈಲ್ವೆಯ ನೌಕರಿ. ಕ್ರೀಡಾ ಹಾಸ್ಟೆಲಿಗೆ ಕಳಿಸು, ಆದರೆ ಶಾಲೆ ತಪ್ಪಿಸಬೇಡ. ಹತ್ತನೆಯ ತರಗತಿ, ಪಿ.ಯು., ಸಾಧ್ಯವಾದರೆ ಪದವಿ. ಕ್ರೀಡಾ ಕೋಟಾದ ಅರ್ಜಿಗೂ ಅಂಕಪಟ್ಟಿ ಬೇಕು. ಮಹಿಳಾ ಲೀಗ್ ಬಂದರೆ ಅವಳು ಸಿದ್ಧಳಾಗಿರುತ್ತಾಳೆ. ಬಾರದಿದ್ದರೂ ಬೀದಿಗೆ ಬೀಳುವುದಿಲ್ಲ.

ನಿಮಗೂ ಒಂದು ಮಾತು. ಕೊಡಗಿನಲ್ಲಿ 1997ರಲ್ಲಿ 60 ಕುಟುಂಬಗಳ ತಂಡಗಳಿಂದ ಆರಂಭವಾದ ಕೊಡವ ಹಾಕಿ ಉತ್ಸವದಲ್ಲಿ 2024ರ ಹೊತ್ತಿಗೆ 360 ತಂಡಗಳು ಆಡಿದವು. ಆ ತಂಡಗಳಿಗೆ ಒಡೆಯರಿಲ್ಲ, ಪ್ರಸಾರ ಹಕ್ಕಿನ ಕೋಟಿಗಳಿಲ್ಲ. ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿಯೂ ಹೊನಲು-ಬೆಳಕಿನ ಪಂದ್ಯಾವಳಿಗಳು ಯುವಕ ಸಂಘಗಳ ಹುಮ್ಮಸ್ಸಿನಿಂದ ನಡೆಯುತ್ತವೆ. ಬೆಂಗಳೂರಿನಲ್ಲಿ ಒಂದು ಪಂದ್ಯದ ಟಿಕೆಟ್ಟಿಗೆ ಸಾವಿರಗಟ್ಟಲೆ ಕೊಡುವ ನೀವು, ಊರಿಗೆ ಬಂದಾಗ ನಿಮ್ಮ ಶಾಲೆಯ ಅಂಗಳವನ್ನೊಮ್ಮೆ ನೋಡಿ. ಹೆಣ್ಣುಮಕ್ಕಳ ಪಂದ್ಯವೊಂದನ್ನು ಸೇರಿಸುವಂತೆ ಸಂಘದವರಿಗೆ ಹೇಳಿ, ಅದರ ಖರ್ಚಿನಲ್ಲಿ ಒಂದು ಪಾಲು ಹೊರಿರಿ.

ಈ ಅಂಕಗಳ ಬಗ್ಗೆ ತಕರಾರಿದ್ದರೆ ಬರೆಯಿರಿ. ಮರು ಮೌಲ್ಯಮಾಪನಕ್ಕೆ ನಾನು ಸಿದ್ಧ. ಬುಲ್ಸ್‌ನ ಸೊನ್ನೆಯನ್ನು ಮಾತ್ರ ನನ್ನಿಂದ ತಿದ್ದಲಾಗದು. ಅದನ್ನು ತಿದ್ದಬೇಕಾದವರು ಲೀಗ್ ನಡೆಸುವವರು.